ಸಾಲದ ಗೆರೆ
(ಸೇಡಂನ ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೋದ ವಾರ ವಾಡಿಯ ತರುಣನೊಬ್ಬ ಕೇಳಿದ: "ಕಾಕಾ, ಅಮೆರಿಕದಾಗ ಸರ್ಕಾರದ ಸಾಲದ ಮಿತಿ ಏರಿಸಲಿಕ್ಕೆ ಅಷ್ಟು ಜಗಳ ಆಗ್ತದ. ನಮ್ಮಲ್ಲಿ ಅಂಥಾ ಮಿತಿ ಇಲ್ಲೇನ್ರಿ?"

ಇದೆ. ಅಲ್ಲಿ ಮಿತಿ ಎಂದರೆ ಡಾಲರಿನ ಒಂದು ಮೊತ್ತ. ನಮ್ಮ ರಾಜ್ಯದಲ್ಲಿ ಉತ್ಪನ್ನದ ಪಾಲು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಕರ್ನಾಟಕ ಈ ವಿಷಯದಲ್ಲಿ ದೇಶದ ಮೊದಲ ರಾಜ್ಯ. ರಾಜ್ಯದ ಉತ್ಪನ್ನ 100 ರೂಪಾಯಿ ಎಂದುಕೊಳ್ಳಿ. ವರ್ಷದ ವಿತ್ತೀಯ ಕೊರತೆ 3 ರೂಪಾಯಿ, ಒಟ್ಟು ಸಾಲದ ಹೊರೆ 25 ರೂಪಾಯಿ ದಾಟಬಾರದು. ಇದು ಸರ್ಕಾರ ತಾನೇ ಎಳೆದುಕೊಂಡ ಗೆರೆ. ಜೊತೆಗೆ ಸಂವಿಧಾನದ 293ನೇ ವಿಧಿಯ ಪ್ರಕಾರ, ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಅದರ ಒಪ್ಪಿಗೆ ಇಲ್ಲದೆ ಹೊಸ ಸಾಲ ಎತ್ತುವಂತಿಲ್ಲ.

2020ರಲ್ಲಿ ಕೊರೊನಾ ಬಂದು ತೆರಿಗೆ ಕುಸಿಯಿತು. ಕೇಂದ್ರವು ರಾಜ್ಯಗಳ ಮಿತಿಯನ್ನು 3ರಿಂದ 5ಕ್ಕೆ ಏರಿಸಿತು, ಅದರಲ್ಲಿ ಒಂದು ಭಾಗಕ್ಕೆ ಷರತ್ತು ಹಾಕಿ. ನಮ್ಮ ಶಾಸನಸಭೆಯೂ ಕಾಯ್ದೆ ತಿದ್ದಿತು. ಮಕ್ಕಳ ತಲೆಯ ಮೇಲೆ ಹೊರೆ ಎಂದು ಕೆಲವರು, ಇಲ್ಲದಿದ್ದರೆ ಸಂಬಳವೂ ಆಗದು ಎಂದು ಕೆಲವರು. ಆ ವರ್ಷ ಏರಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಜ್ವರ ಬಂದಾಗ ಉದ್ರಿ ತರುವುದು ತಪ್ಪಲ್ಲ.

ನನ್ನ ಚಿಂತೆ ಬೇರೆ. ನೌಕರಿಯಲ್ಲಿದ್ದಾಗ ಈ ಭಾಗದ ಒಂದು ಕಾಲುವೆಯ ಕೆಲಸ ನೋಡಿದೆ. ಹಣ ಬಂದಷ್ಟು ದಿನ ಕೆಲಸ. ನಿಂತಿತೆಂದರೆ ಗುತ್ತೇದಾರ ಯಂತ್ರ ಎತ್ತಿಕೊಂಡು ಹೋಗುವನು. ಪರಿಷ್ಕೃತ ಅಂದಾಜುಪಟ್ಟಿಗೆ ಮೂರು ಸಲ ನಾನೇ ಸಹಿ ಮಾಡಿದೆ. ಸಿಮೆಂಟು ನಮ್ಮ ನೆಲದ ಸುಣ್ಣಕಲ್ಲಿನದೇ, ಆದರೂ ದರ ನಮ್ಮ ಕೈಯಲ್ಲಿಲ್ಲ! ಬಡ್ಡಿ ಮೊದಲ ದಿನದಿಂದ ಓಡುತ್ತದೆ. ಕೊನೆಯ ಹೊಲಕ್ಕೆ ನೀರು ಮುಟ್ಟಿದ ಮೇಲೆಯೇ ಸಾಲ ದುಡಿಯತೊಡಗುವುದು.

ಈಗ 2025-26ರ ಬಜೆಟ್ ನೋಡಿ. ವಿತ್ತೀಯ ಕೊರತೆಯ ಅಂದಾಜು ಶೇ. 2.95, ಒಟ್ಟು ಹೊರೆ ಶೇ. 24.91. ಎರಡೂ ಗೆರೆಯೊಳಗೇ ಇವೆ, ಕೂದಲೆಳೆಯಷ್ಟು. ಆದರೆ ಅದೇ ಬಜೆಟ್ಟಿನಲ್ಲಿ ರಾಜಸ್ವ ಕೊರತೆ 19,262 ಕೋಟಿ ರೂಪಾಯಿ. ಅಂದರೆ ತಂದ ಸಾಲದಲ್ಲಿ ಅಷ್ಟು ಹಣ ಕಾಲುವೆಗೂ ಅಲ್ಲ, ರಸ್ತೆಗೂ ಅಲ್ಲ. ಸಂಬಳ, ಬಡ್ಡಿ, ಸಹಾಯಧನ, ಪಿಂಚಣಿಯಂಥ ದಿನದ ಖರ್ಚಿಗೆ. ನನ್ನ ಪಿಂಚಣಿಯೂ ಅದರಲ್ಲೇ ಬಂತು, ಮುಚ್ಚಿಡುವುದೇಕೆ?

ಆಯ್ದಕ್ಕಿ ಲಕ್ಕಮ್ಮನ ಹೆಸರು ಹೇಳಿ, ಸಾಲವೇ ಬೇಡ ಎನ್ನುವವರಿದ್ದಾರೆ. ಲಕ್ಕಮ್ಮ ಅಕ್ಕಿಯನ್ನೇ ಬೇಡವೆನ್ನಲಿಲ್ಲ. ಮಾರಯ್ಯ ಹೆಚ್ಚು ತಂದ ದಿನ, ಒಲೆ ಹಚ್ಚುವ ಮೊದಲೇ ತಡೆದಳು. ನಾವು ಉಂಡ ಮೇಲೆ ಕೇಳುತ್ತೇವೆ.

ಬಜೆಟ್ ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ಪುಸ್ತಕವನ್ನೂ ಸದನದ ಮುಂದಿಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮುಂದಿನ ಗೋಷ್ಠಿಗೆ ಎರಡು ಪ್ರತಿ ತರುತ್ತೇನೆ. ಲೆಕ್ಕ ಬಲ್ಲ ತರುಣರು ಒಂದು ತಾಸು ಮೊದಲೇ ಬರ್ರಿ, ಕೂತು ಓದೋಣ.