ಪರವಾನಿಗೆ ಹೋಗುವಾಗ ನೆನಪಾಗುವ ಸಂಕಷ್ಟ

(ರಸ್ತೆ ಸುರಕ್ಷತೆಯ ಕುರಿತಾದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬ್ರಿಟನ್ನಿನ ಕಾನೂನೊಂದರಿಂದ ನನ್ನ ಮಾತನ್ನು ಆರಂಭಿಸುವುದು ತಮಗೆ ವಿಚಿತ್ರವೆನಿಸಬಹುದು. ಆದರೆ ನಮ್ಮಲ್ಲಿ ಪ್ರಭಾವಿಗಳ ಒಂದು ದೂರವಾಣಿ ಕರೆಯ ಮೂಲಕ ಗುಟ್ಟಾಗಿ ನಡೆಯುವ ಕೆಲಸವು ಅಲ್ಲಿ ನ್ಯಾಯಾಲಯದಲ್ಲಿ ಬಹಿರಂಗವಾಗಿ ನಡೆಯುತ್ತದೆ. ಬಹಿರಂಗವಾಗಿ ನಡೆಯುವುದನ್ನು ಪರಿಶೀಲಿಸುವುದು ಸುಲಭ.

ಅಲ್ಲಿ ವೇಗಮಿತಿ ಮೀರಿದ ಚಾಲಕನ ಪರವಾನಿಗೆಗೆ ಕನಿಷ್ಠ ಮೂರು ದಂಡಾಂಕಗಳು ಸೇರುತ್ತವೆ. ಮೂರು ವರ್ಷಗಳೊಳಗೆ ಅಂಕಗಳು ಹನ್ನೆರಡಕ್ಕೆ ತಲುಪಿದರೆ ಕನಿಷ್ಠ ಆರು ತಿಂಗಳ ಚಾಲನಾ ನಿಷೇಧ. ಮೊದಲ ಸಣ್ಣ ತಪ್ಪಿಗೆ ಅಂಕ ಹಾಕದೆ ತರಬೇತಿಗೆ ಕಳುಹಿಸುವ ಅವಕಾಶವೂ ಇದೆ. ಅಂದರೆ ಸಾಮಾನ್ಯವಾಗಿ ನಾಲ್ಕೈದು ಬಾರಿ ಸಿಕ್ಕಿಬಿದ್ದವನಷ್ಟೇ ಈ ಹಂತಕ್ಕೆ ಬರುತ್ತಾನೆ. ಆದರೂ ಆತನಿಗೆ ಇನ್ನೊಂದು ಬಾಗಿಲು ತೆರೆದಿರುತ್ತದೆ. ನಿಷೇಧದಿಂದ ತನಗೋ ತನ್ನವರಿಗೋ 'ಅಸಾಧಾರಣ ಸಂಕಷ್ಟ' ಉಂಟಾಗುವುದೆಂದು ಆತ ವಾದಿಸಬಹುದು. ನ್ಯಾಯಾಲಯಕ್ಕೆ ಅದು ಒಪ್ಪಿಗೆಯಾದರೆ ನಿಷೇಧ ಕಡಿಮೆಯಾಗುತ್ತದೆ ಅಥವಾ ಇಲ್ಲವಾಗುತ್ತದೆ. ಇಂತಹ ವಾದ ಮಂಡಿಸುವುದನ್ನೇ ವೃತ್ತಿಯಾಗಿಸಿಕೊಂಡ ವಕೀಲರು ಅಲ್ಲಿದ್ದಾರೆ. ಬಹುತೇಕ ಎಲ್ಲ ನಿಷೇಧಗಳಿಂದಲೂ ಏನಾದರೊಂದು ಕಷ್ಟ ಉಂಟಾಗಿಯೇ ಆಗುತ್ತದೆ, ಆದ್ದರಿಂದ ಸೂಕ್ತ ಪುರಾವೆಯಿಲ್ಲದೆ ಇಂತಹ ವಾದವನ್ನು ಒಪ್ಪುವ ಮುನ್ನ ಎಚ್ಚರ ವಹಿಸಬೇಕೆಂದು 2020ರಲ್ಲಿ ಅಲ್ಲಿನ ನ್ಯಾಯಾಲಯಗಳಿಗೆ ಮಾರ್ಗಸೂಚಿ ನೀಡಬೇಕಾಯಿತು.

ಇಸ್ಲಾಮ್ ಸಂಕಷ್ಟವನ್ನು ಕಡೆಗಣಿಸುವ ಧರ್ಮವಲ್ಲ. ಹಸಿವಿನಿಂದ ಕಂಗೆಟ್ಟವನಿಗೆ ನಿಷಿದ್ಧ ಆಹಾರವನ್ನೂ ಪವಿತ್ರ ಕುರ್‌ಆನ್ ಅನುಮತಿಸಿದೆ. ಆದರೆ ಆತ ಧಿಕ್ಕಾರ ತೋರಿದವನಾಗಿರಬಾರದು, ಮಿತಿ ಮೀರಿದವನಾಗಿರಬಾರದು ಎಂಬ ಷರತ್ತನ್ನು ಜೊತೆಯಲ್ಲೇ ಇಟ್ಟಿದೆ. ಬರಗಾಲದ ವರ್ಷದಲ್ಲಿ ಹಝ್ರತ್ ಉಮರ್(ರ) ಕಳ್ಳತನದ ಶಿಕ್ಷೆಯನ್ನು ತಡೆಹಿಡಿದ ವಿಚಾರ ತಮಗೆ ತಿಳಿದಿದೆ. ಹಾಗಿದ್ದರೆ ಚಾಲಕನ ಹೊಟ್ಟೆಪಾಡನ್ನು ನಾವೇಕೆ ಪರಿಗಣಿಸಬಾರದು ಎಂದು ಕೇಳಬಹುದು.

ವ್ಯತ್ಯಾಸವಿರುವುದು ಇಲ್ಲೇ. ಬರಗಾಲದಲ್ಲಿ ಕದ್ದವನ ಸಂಕಷ್ಟವು ಅಪರಾಧಕ್ಕಿಂತ ಮುಂಚೆ ಇತ್ತು. ಅದುವೇ ಅವನನ್ನು ಅಪರಾಧಕ್ಕೆ ನೂಕಿತು. ವೇಗದ ಚಾಲಕನ ಸಂಕಷ್ಟ ಹುಟ್ಟುವುದೇ ಶಿಕ್ಷೆಯ ದಿನ. ನಾಲ್ಕನೆಯ ಬಾರಿ ವೇಗಮಿತಿ ಮೀರುವಾಗ ಆತನ ಮಕ್ಕಳ ಶಾಲೆ, ತಾಯಿಯ ಔಷಧಿ, ಅಂಗಡಿಯ ನೌಕರರು ಯಾರೂ ಆತನ ನೆನಪಿಗೆ ಬರಲಿಲ್ಲ. ಆ ಕುಟುಂಬವನ್ನು ಅಪಾಯದ ಅಂಚಿಗೆ ತಂದವನು ಆತನೇ ಹೊರತು ನ್ಯಾಯಾಧೀಶರಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಬಳಿಕ ವಾಹನ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ಯಾರ ಸಂಕಷ್ಟಕ್ಕೂ ವಿನಾಯಿತಿ ಇಲ್ಲ.

ಹಝ್ರತ್ ಉಮರ್(ರ)ರವರ ಇನ್ನೊಂದು ತೀರ್ಪು ಈ ಚರ್ಚೆಗೆ ಹೆಚ್ಚು ಹತ್ತಿರವಾದದ್ದು. ಹಾತಿಬ್(ರ)ರವರ ಮನೆತನದ ಗುಲಾಮರು ಒಬ್ಬನ ಒಂಟೆಯನ್ನು ಕದ್ದು ಕೊಯ್ದಿದ್ದರು. ಯಜಮಾನನು ಅವರನ್ನು ಹಸಿವಿನಲ್ಲಿಟ್ಟಿದ್ದನೆಂದು ಮನಗಂಡ ಖಲೀಫರು ಗುಲಾಮರನ್ನು ಬಿಟ್ಟು ಯಜಮಾನನಿಗೆ ದಂಡ ವಿಧಿಸಿದರು. ಒಂಟೆಯ ಬೆಲೆ ನಾನೂರು ದಿರ್ಹಮ್, ದಂಡ ಎಂಟುನೂರು. ಇಂದು ಇಷ್ಟೇ ನಿಮಿಷಗಳಲ್ಲಿ ಊಟ ತಲುಪಿಸು, ಇಷ್ಟು ಟ್ರಿಪ್ ಮುಗಿಸದಿದ್ದರೆ ಸಂಬಳ ಕಡಿತ ಎನ್ನುವ ಕಂಪೆನಿಗಳು ಮತ್ತು ಬಸ್ಸು ಮಾಲಕರು ಯಾವ ಕಟಕಟೆಯಲ್ಲಿದ್ದಾರೆ? ಬೈಕಿನ ಹುಡುಗನ ಮೇಲೆ ದಂಡ ಬೀಳುತ್ತದೆ, ಗಡಿಯಾರ ಇಟ್ಟವನ ಮೇಲೆ ಬೀಳುವುದಿಲ್ಲ. ಸಂಕಷ್ಟದ ವಾದಕ್ಕೆ ನಿಜವಾದ ಸ್ಥಾನವಿದ್ದರೆ ಅದು ಇಲ್ಲಿ. ಆದರೆ ಇಲ್ಲಿಯೂ ಅದರ ಫಲ ಶಿಕ್ಷೆಯನ್ನು ಅಳಿಸುವುದಲ್ಲ, ಹೊಣೆಗಾರನತ್ತ ತಿರುಗಿಸುವುದು.

ಬ್ರಿಟನ್ನಿನ ನಗರಗಳಲ್ಲಿ ಟ್ಯಾಕ್ಸಿ ನಡೆಸುವವರಲ್ಲಿ ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದ ನಮ್ಮ ಸಹೋದರರು ಬಹಳಷ್ಟಿದ್ದಾರೆ. ಅವರ ಪಾಲಿಗೆ ಪರವಾನಿಗೆಯೆಂದರೆ ಅನ್ನ. ಆದರೆ ದಿನವಿಡೀ ರಸ್ತೆಯಲ್ಲಿರುವವನೇ ಅಪಾಯವನ್ನೂ ಹೆಚ್ಚು ಹೊತ್ತು ಹರಡುತ್ತಾನಲ್ಲವೇ? ವೃತ್ತಿಪರನಿಂದ ಹೆಚ್ಚಿನ ಎಚ್ಚರವನ್ನು ನಿರೀಕ್ಷಿಸಬೇಕೇ ಹೊರತು ಹೆಚ್ಚಿನ ರಿಯಾಯಿತಿಯನ್ನು ಅವನಿಗೆ ಕೊಡುವುದಲ್ಲ. ಪ್ರತಿಷ್ಠಿತ ಮನೆತನದ ಮಹಿಳೆಯೊಬ್ಬಳ ಪರವಾಗಿ ಶಿಫಾರಸಿಗೆ ಬಂದ ಉಸಾಮ(ರ)ರನ್ನು ಪ್ರವಾದಿ(ಸ) ಹೇಗೆ ತರಾಟೆಗೆ ತೆಗೆದುಕೊಂಡರೆಂಬುದು ಎಲ್ಲರಿಗೂ ಗೊತ್ತು. ಸ್ವಂತ ಮಗಳಿಗೂ ವಿನಾಯಿತಿ ಇಲ್ಲವೆಂದು ಅವರು ಸಾರಿದರು. ಉಸಾಮರು ಅವರಿಗೆ ಅತಿಪ್ರಿಯರಾಗಿದ್ದರು ಎಂಬುದನ್ನೂ ಮರೆಯಬಾರದು.

ಇನ್ನು ನಮ್ಮ ನಾಡಿಗೆ ಬರೋಣ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಸರಕಾರದ ವರದಿಯ ಪ್ರಕಾರ ಇವರಲ್ಲಿ ಶೇ. 71ರಷ್ಟು ಮಂದಿಯ ಸಾವಿಗೆ ಅತಿವೇಗವೇ ಕಾರಣ. ವೇಗದ ಚಾಲನೆಗೆ ಕನಿಷ್ಠ ಮೂರು ತಿಂಗಳು ಪರವಾನಿಗೆ ಅಮಾನತುಗೊಳಿಸುವಂತೆ ಸುಪ್ರೀಮ್ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. 2019ರ ತಿದ್ದುಪಡಿಯ ಪ್ರಕಾರ ಎರಡನೆಯ ಬಾರಿ ವೇಗಮಿತಿ ಮೀರಿದರೆ ಪರವಾನಿಗೆಯನ್ನು ವಶಪಡಿಸಿಕೊಳ್ಳಬಹುದು. ಆದರೆ ನಮ್ಮ ರಾಜ್ಯ ಸರಕಾರ 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಬಾಕಿ ಸಂಚಾರ ದಂಡದ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಘೋಷಿಸಿತು. ಬಟ್ಟೆಯಂಗಡಿಯ ಹಬ್ಬದ ಮಾರಾಟದಂತೆ ಜನರು ಸಾಲುಗಟ್ಟಿದರು, ಬೊಕ್ಕಸ ತುಂಬಿತು. ತಕ್ಷಣ ದಂಡ ಕಟ್ಟಿದ ಪ್ರಾಮಾಣಿಕನು ಮೂರ್ಖನೆನಿಸಿದ!

ಅಪರಾಧಿಯ ಮನೆಯವರು ಏನು ತಪ್ಪು ಮಾಡಿದ್ದಾರೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದುದು ನ್ಯಾಯಾಲಯಕ್ಕಿಂತ ಮೊದಲು ನಾವು. ಪರವಾನಿಗೆ ಅಮಾನತಾದ ಬಡ ಚಾಲಕನಿಗಾಗಿ ಶಾಸಕರ ಮನೆಗೆ ಜಮಾಅತ್‌ನ ನಿಯೋಗ ಹೋಗುವ ಬದಲು, ಆ ಮೂರು ತಿಂಗಳ ಅಕ್ಕಿ-ಬೇಳೆ, ಮನೆ ಬಾಡಿಗೆ, ಮಕ್ಕಳ ಶುಲ್ಕವನ್ನು ಬೈತುಲ್ ಮಾಲ್‌ನಿಂದ ಭರಿಸಲಿ. ಅವನಿಗೆ ಗೋದಾಮಿನಲ್ಲೋ ಅಂಗಡಿಯಲ್ಲೋ ತಾತ್ಕಾಲಿಕ ಕೆಲಸ ಕೊಡುವ ವ್ಯಾಪಾರಿಗಳು ನಮ್ಮಲ್ಲಿದ್ದಾರೆ. ಅವನ ವಾಹನದಿಂದ ಯಾರಾದರೂ ಗಾಯಗೊಂಡಿದ್ದರೆ ಅವರು ಯಾವ ಧರ್ಮದವರೇ ಆಗಿರಲಿ, ಸಮಿತಿಯವರು ಮೊದಲು ಹೋಗಬೇಕಾದುದು ಅವರ ಮನೆಗೆ. ಪರಿಹಾರದ ಅರ್ಜಿ ಬರೆದುಕೊಡಲು ವಕೀಲರೊಬ್ಬರನ್ನೂ ಜೊತೆಗೆ ಕರೆದೊಯ್ಯಲಿ.