ದೊಡ್ಡಜಾಲದ ಹಳೆಯ ಸ್ಟೇಶನ್ನು

ಶಲವಡಿಗೆ ಸ್ವಂತದ ರೈಲು ನಿಲ್ದಾಣವಿಲ್ಲ. ಆದರೂ ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯವರಿಗೆ ಸ್ಟೇಶನ್ನಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1876–78ರ ಘೋರ ಬರಗಾಲದಲ್ಲಿ ಕಾಳು ಸಾಗಿಸುವ ದಾರಿಯಿಲ್ಲದೆ ಜನ ಸತ್ತರು. ಆ ಪಾಠದಿಂದ 1882ರಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಗದಗ–ಹೊಟಗಿ ಮಾರ್ಗದಲ್ಲಿ ಗಾಡಿ ಓಡಿತು. ಅಂದಿನಿಂದ ನಮ್ಮ ಹತ್ತಿಯ ಅಂಡಿಗೆಗಳು ಚಕ್ಕಡಿಯಿಂದಿಳಿದು ರೈಲನ್ನೇರಿದವು.

ಹೀಗೆ ಊರಿನ ಹೆಬ್ಬಾಗಿಲಾದ ಸ್ಟೇಶನ್ನು ಒಂದು ದಿನ ಕೆಲಸ ಕಳೆದುಕೊಂಡರೆ ಅದರ ಗತಿಯೇನು? ಇದನ್ನು ತಿಳಿಯಲು ನೀವು ನನ್ನೊಡನೆ ಬೆಂಗಳೂರಿನ ಉತ್ತರಕ್ಕಿರುವ ದೊಡ್ಡಜಾಲದವರೆಗೆ ಬರಬೇಕು.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ. ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆ ಎಂಬ ಕಂಪನಿಯೊಂದು ನಿಂತಿತು. ಸಂಸ್ಥಾನದ ಜನರೇ ಅದರ ಷೇರು ಕೊಂಡರು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಗಾಡಿ ಹೊರಟಿತು. ಹಳಿಗಳ ನಡುವಿನ ಅಂತರ ಬರಿಯ ಎರಡೂವರೆ ಅಡಿ! ಇಷ್ಟು ಚಿಕ್ಕದೇಕೆ ಎನ್ನುವಿರಾ? ಹಗುರಾದ ಹಳಿ ಸಾಕು, ಕಡಿದಾದ ತಿರುವು ನಡೆಯುತ್ತದೆ, ಖರ್ಚು ಕಡಿಮೆ. ದೊಡ್ಡ ಮಾರ್ಗ ಎಂದೂ ಮುಟ್ಟದಂಥ ಹಳ್ಳಿಗಳನ್ನು ಈ ಪುಟ್ಟ ಗಾಡಿ ಮುಟ್ಟಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಇವೆಲ್ಲ ಆ ದಾರಿಯ ನಿಲ್ದಾಣಗಳು. ಕಲ್ಲಿನ ಗೋಡೆ, ಹೆಂಚಿನ ಮಾಡು.

ಆ ಪುಟ್ಟ ಕಟ್ಟಡದೊಳಗೆ ದೊಡ್ಡ ಹೊಣೆಯಿತ್ತು. ಒಂಟಿ ಹಳಿಯ ಮಾರ್ಗದಲ್ಲಿ ಎದುರಿನಿಂದ ಗಾಡಿ ಬರುತ್ತಿಲ್ಲವೆಂದು ಮುಂದಿನ ಸ್ಟೇಶನ್ನಿನಿಂದ ತಿಳಿದುಕೊಂಡು, ಆಮೇಲೆ ಗಾಡಿ ಬಿಡಬೇಕು. ನೂರಾರು ಜೀವಗಳ ಕ್ಷೇಮ ಸ್ಟೇಶನ್ ಮಾಸ್ತರರ ಒಂದು ಮಾತಿನ ಮೇಲೆ ನಿಂತಿತ್ತು.

ಮುಂದೆ ಬಸ್ಸು, ಲಾರಿಗಳು ಬಂದವು. ಸಾಮಾನು, ಪ್ರಯಾಣಿಕರು ಎರಡೂ ರಸ್ತೆ ಹಿಡಿದವು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗೆ ಐದೂವರೆ ಅಡಿಯ ಬ್ರಾಡ್ ಗೇಜ್ ಹಾಕಿದರು. ಅದೇ ಹಳಿ 2013ರಲ್ಲಿ ಕೋಲಾರವನ್ನು ಸೇರಿತು. ಹಳಿ ಅಗಲವಾಯಿತು, ಹಳೆಯ ಕೋಣೆಗಳಿಗೆ ಮಾತ್ರ ಕೆಲಸ ಉಳಿಯಲಿಲ್ಲ. ದೊಡ್ಡಜಾಲದ ಕಟ್ಟಡ ಪಾಳುಬಿತ್ತು. ಬಳಕೆಯಿಲ್ಲದ ಮನೆಯ ಕಥೆ ನಿಮಗೆ ಗೊತ್ತೇ ಇದೆ: ಮೊದಲು ಒಂದು ಹೆಂಚು ಜಾರುತ್ತದೆ, ಮಳೆ ಒಳಗಿಳಿಯುತ್ತದೆ, ಗೋಡೆಯ ಬಿರುಕಿನಲ್ಲಿ ಗಿಡ ಬೇರೂರುತ್ತದೆ.

ಅಚ್ಚರಿಯೆಂದರೆ, ಅದೇ ಮಾರ್ಗದಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕಾಗಿ 2021ರ ಜನವರಿಯಲ್ಲಿ ಹೊಸ ಹಾಲ್ಟ್ ಸ್ಟೇಶನ್ನು ತೆರೆಯಿತು. ಸುಮಾರು ಅದೇ ಕಾಲಕ್ಕೆ ಇಂಟ್ಯಾಕ್ ಸಂಸ್ಥೆಯವರು ರೈಲ್ವೆ ಇಲಾಖೆಯೊಡನೆ ಕೂಡಿ ಈ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡರು.

ದೂರದ ಊರಿನ ಈ ಕಥೆ ನಮಗೇತಕ್ಕೆಂದು ನೀವು ಕೇಳಬಹುದು. ನಮ್ಮ ಹುಬ್ಬಳ್ಳಿ–ಗದಗ ಮಾರ್ಗವೂ ತೊಂಬತ್ತರ ದಶಕದಲ್ಲಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಹೊರಳಿತು. ಹಳಿ ಬದಲಾದಲ್ಲೆಲ್ಲ ಸಣ್ಣ ಸ್ಟೇಶನ್ನುಗಳ ಹಳೆಯ ಕೋಣೆಗಳಿಗೂ ದೊಡ್ಡಜಾಲದ ಭಯವುಂಟು. ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ವಸ್ತುಸಂಗ್ರಹಾಲಯವಾಗಿದೆ, ಸಂತೋಷ. ಆದರೆ ಪ್ರತಿಯೊಂದು ಹಳೆಯ ಗೋಡೆಯನ್ನೂ ವಸ್ತುಸಂಗ್ರಹಾಲಯಕ್ಕೆ ಹೊತ್ತೊಯ್ಯಲಾಗುವುದಿಲ್ಲ.

ಸುಣ್ಣ ಬಳಿದ ಮಾತ್ರಕ್ಕೆ ಕಟ್ಟಡ ಉಳಿಯದು. ದಿನವೂ ಬಾಗಿಲು ತೆರೆಯುವವರು ಬೇಕು. ವಾಚನಾಲಯವಾಗಲಿ, ಹೆಣ್ಣುಮಕ್ಕಳ ಕೈಕಸಬಿನ ಅಂಗಡಿಯಾಗಲಿ, ಬಿಸಿಲಿನಲ್ಲಿ ಬಂದವರು ಕೂಡುವ ನೆರಳಾಗಲಿ, ಏನಾದರೊಂದು ಬಳಕೆ ಅದಕ್ಕೆ ಸಿಗಬೇಕು. ಅಂಥ ಕಟ್ಟಡ ನಿಮ್ಮೂರ ಹತ್ತಿರವಿದ್ದರೆ, ಪಂಚಾಯತಿಯವರೂ ಶಾಲೆಯ ಗುರುಗಳೂ ಕೂಡಿ ರೈಲ್ವೆ ಅಧಿಕಾರಿಗಳಿಗೆ ಒಂದು ಅರ್ಜಿ ಬರೆಯಿರಿ. ಮೊದಲ ಹೆಂಚು ಜಾರುವ ಮುನ್ನವೇ ಬರೆಯಿರಿ.