ಊರ ಪಟ್ಟಿಯಲ್ಲಿ ಹಿರಿಯರ ಪಾಲು



ಪುಣೆಯಲ್ಲಿ ಹೊಸ ಕಟ್ಟಡ ಎದ್ದಲ್ಲೆಲ್ಲ ಅದರ ಬುಡದ ಪತ್ರಾ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. 1972ರ ಬರ ಆ ಸೀಮೆಯ ಎಷ್ಟೋ ಮನೆತನಗಳನ್ನು ಊರು ಬಿಡಿಸಿತು. ಬರ ಮುಗಿಯಿತು, ಗುಳೆ ಹೋಗುವುದು ನಿಲ್ಲಲಿಲ್ಲ. ಪುಣೆಯ ಹಿಂಜವಡಿಯ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತ ನಮ್ಮ ಹುಡುಗರೂ ಇದ್ದಾರೆ. ದುಡಿಮೆ ಬೇರೆ ಬೇರೆ. ಊರಲ್ಲಿ ಉಳಿದ ಅವ್ವ, ಅಪ್ಪನ ಪಾಡು ಮಾತ್ರ ಹೆಚ್ಚೂಕಡಿಮೆ ಒಂದೇ.

“ಯವ್ವಾ, ಅರಾಮಿದ್ದೀ?” ಎಂದು ಮಗ ಫೋನಿನಲ್ಲಿ ಕೇಳುತ್ತಾನೆ. “ಅರಾಮ ಅದೀನಪಾ, ನೀ ಚಿಂತಿ ಮಾಡಬ್ಯಾಡ” ಎನ್ನುತ್ತಾಳೆ ತಾಯಿ. ಬಚ್ಚಲಲ್ಲಿ ಜಾರಿಬಿದ್ದ ದಿನವೂ ಅದೇ ಉತ್ತರ.

ಈ ಮಕ್ಕಳನ್ನು ಕಲ್ಲುಮನಸ್ಸಿನವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಕಳಿಸುವ ದುಡ್ಡಿನಲ್ಲೇ ಊರ ಒಲೆ ಉರಿಯುತ್ತದೆ. ಹೆತ್ತವರನ್ನು ಪುಣೆಗೇ ಕರೆತರೋಣವೆಂದರೆ ಒಂದು ಕೋಣೆಯ ಬಾಡಿಗೆ ಮನೆ, ಅರ್ಥವಾಗದ ಮರಾಠಿ, ಹಗಲೆಲ್ಲ ಮುಚ್ಚಿದ ಬಾಗಿಲು. ಎಂಟು ದಿನಕ್ಕೇ ಮುದುಕರು “ನನ್ನ ಊರಿಗೆ ಕಳಿಸು” ಎನ್ನುತ್ತಾರೆ.

2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಸುಮಾರು 10.4 ಕೋಟಿ; ಅವರಲ್ಲಿ 7.3 ಕೋಟಿ ಜನ ಹಳ್ಳಿಗಳಲ್ಲಿದ್ದರು. ಕರ್ನಾಟಕದಲ್ಲಿ ಬಡ ಹಿರಿಯರಿಗಾಗಿ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಹೆತ್ತವರನ್ನು ಮಕ್ಕಳು ನೋಡಿಕೊಳ್ಳಲೇಬೇಕೆನ್ನುವ 2007ರ ಕಾಯ್ದೆಯೂ ಇದೆ. ಕಾಯ್ದೆ ಜೀವನಾಂಶ ಕೊಡಿಸಬಲ್ಲದು. ಆದರೆ ರಾತ್ರಿ ಎದೆ ಹಿಡಿದುಕೊಂಡಾಗ ಗಾಡಿ ಕರೆಯುವವರು ಬೇಕಲ್ಲ? ಮಣ್ಣಲ್ಲಿ ದುಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ಹೋದಾಗ, ಪಿಂಚಣಿಗೂ ರೇಷನ್ನಿಗೂ “ನಾಳೆ ಬಾ” ಎನ್ನಿಸಿಕೊಂಡು ಬಂದವರ ಜೊತೆ ಮರುದಿನ ಹೋಗಿ ನಿಂತು ಮಾತಾಡುವವರು ಬೇಕಲ್ಲ? ಈ ಕೆಲಸಗಳಿಗೆಲ್ಲ ಹತ್ತಿರದಲ್ಲೇ ಇರುವ ಒಬ್ಬ ಮನುಷ್ಯ ಬೇಕು. ಪುಣೆಯಿಂದ 350 ಕಿಲೋಮೀಟರಿಗೂ ಹೆಚ್ಚು ದೂರದ ಕಲಬುರಗಿಗೆ ಅದೇ ಗಳಿಗೆಗೆ ಓಡಿ ಮುಟ್ಟುವುದು ಯಾವ ಮಗನ ಕೈಲೂ ಆಗದು.

ಕೇರಳದ ಮಲಪ್ಪುರಂ ನೆನಪಾಗುತ್ತದೆ. ಆ ಜಿಲ್ಲೆಯ ಎಷ್ಟೋ ಮನೆಗಳಿಂದ ಗಂಡಸರು ಗಲ್ಫ್ ದೇಶಗಳಿಗೆ ದುಡಿಯಲು ಹೋದರು. 1993ರಲ್ಲಿ ಪಕ್ಕದ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಸೇವೆ ಆರಂಭಿಸಿದ್ದರು. ಮುಂದೆ ಮಲಪ್ಪುರಂ ಕಡೆ ಅದನ್ನು ಊರಿನ ಜನರೇ ಕೈಗೆತ್ತಿಕೊಂಡರು. ತರಬೇತಿ ಪಡೆದ ನೆರೆಹೊರೆಯವರು ನರ್ಸಿನ ಜೊತೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆದರು, ಔಷಧಿ ಕೊಟ್ಟರು, ಕೂತು ಮಾತಾಡಿದರು. ಖರ್ಚಿನ ದೊಡ್ಡ ಪಾಲು ಸಾಮಾನ್ಯ ಜನ ಕೊಟ್ಟ ಚಿಲ್ಲರೆ ಕಾಣಿಕೆಯಿಂದ ಹುಟ್ಟಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ಒಂದು ನೀತಿ ರೂಪಿಸಿತು. ಹಾಸಿಗೆ ಹಿಡಿದವರ ಆರೈಕೆ ಮನೆಯವರ ಹೆಗಲಿಂದ ಇಡೀ ಊರಿನ ಹೆಗಲಿಗೆ ಬಂದಿತ್ತು.

ನಮ್ಮವರಿಗೂ ಇದು ಬಾರದ ವಿದ್ಯೆಯಲ್ಲ. ಊರ ಜಾತ್ರೆ ಬಂತೆಂದರೆ ದೂರ ದುಡಿಯಲು ಹೋದವರಿಂದಲೂ ಪಟ್ಟಿ ಎತ್ತುತ್ತಾರೆ. ಗುಡಿಯ ಗೋಪುರಕ್ಕೆ, ತೇರಿಗೆ, ದಾಸೋಹಕ್ಕೆ ದಿನಗೂಲಿಯವನೂ ಮನಸಾರೆ ಕೊಡುತ್ತಾನೆ. ಅದೇ ಪಟ್ಟಿಯಲ್ಲಿ ಹಿರಿಯರಿಗೂ ಒಂದು ಪಾಲು ಇರಲಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಆ ಹಣದಲ್ಲಿ ಊರಿನದೇ ಒಬ್ಬ ಹೆಣ್ಣುಮಗಳಿಗೆ ತಿಂಗಳ ಸಂಬಳ ಕೊಡಬಹುದು. ಅವಳು ದಿನಾ ಹತ್ತು ಮನೆಯ ಬಾಗಿಲಿಗೆ ಹೋಗಲಿ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಂದುಕೊಡಲಿ, ಬ್ಯಾಂಕಿಗೆ ಜೊತೆಯಾಗಲಿ, ಯಾರಾದರೂ ಬಿದ್ದಿದ್ದರೆ ಪುಣೆಗೆ ನಿಜ ಹೇಳಲಿ. ಇದು ಉಪಕಾರದ ಕೆಲಸವಲ್ಲ, ಕೂಲಿ ಕೊಟ್ಟೇ ಮಾಡಿಸಬೇಕಾದ ಕೆಲಸ.

ಯಾವ ಮನೆಯಿಂದ ಶುರು ಮಾಡಬೇಕೆಂಬ ಅನುಮಾನವಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾರ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.